ಮನೆಯ ಮುಂದೆ ನಿಂತ ಟ್ರೈಲರು

ಹಿಂದಕ್ಕೆ ತೆಗೆಯಲೇ? ತೆಗೆದರೆ ಸೋತ ಹಾಗಾಗುತ್ತದಾ? ತೆಗೆಯದೆ ಇಲ್ಲೇ ನಿಂತರೆ... ಎಷ್ಟು ಹೊತ್ತು ನಿಲ್ಲಲಿ?

ರಂಜಿತ ಎಡಗಾಲಿನಲ್ಲಿ ಕ್ಲಚ್ಚು ಒತ್ತಿಯೇ ಹಿಡಿದಿದ್ದಳು.

ಪಾಂಡವಪುರದ ಆಚೆಯ ನಾಲೆ ಏರಿ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಕೆಳಗೆ ಗದ್ದೆ. ನಡುವೆ ಒಂದೇ ಗಾಡಿಗೆ ಆಗುವಷ್ಟು ದಾರಿ. ಅವಳ ಟ್ರಾಕ್ಟರಿನ ಹಿಂದೆ ಇಪ್ಪತ್ತೆರಡು ಅಡಿ ಉದ್ದದ ಟ್ರೈಲರು, ಅದರ ತುಂಬ ಭತ್ತದ ಹುಲ್ಲು. ಹಿಂದೆ ಏನಿದೆ ಎಂದು ಕಾಣುವ ಮಾತೇ ಇಲ್ಲ.

ಎದುರಿಗೆ ಕಬ್ಬಿಣದ ಪೈಪು ಹೇರಿಕೊಂಡ ಪಿಕಪ್ ಗಾಡಿ.

ಈಗ ಇಳಿದು ಬರುತ್ತಾನೆ, ‘ಇಳಿಯಮ್ಮ, ನಾನ್ ತೆಗೆದ್ಕೊಡ್ತೀನಿ’ ಅನ್ನುತ್ತಾನೆ... ಅವಳು ಹಲ್ಲು ಕಚ್ಚಿ ಕಾದಳು.

ಅವನು ಇಳಿಯಲಿಲ್ಲ. ಹಾರನ್ನೂ ಒತ್ತಲಿಲ್ಲ. ಗಾಡಿಯನ್ನು ಹಿಂದಕ್ಕೆ ಹಾಕಿ, ಸುಮಾರು ಅರ್ಧ ಕಿಲೋಮೀಟರು ಹಾಗೆಯೇ ಹೋಗಿ, ತೆಂಗಿನ ತೋಟದ ಬಾಯಲ್ಲಿ ಪಕ್ಕಕ್ಕೆ ನಿಂತ!

ದಾಟುವಾಗ ಅವಳು ಟ್ರಾಕ್ಟರು ನಿಲ್ಲಿಸಿದಳು.

"ನಿಮ್ ಗಾಡೀಲೂ ಲೋಡ್ ಐತಲ್ಲ. ಯಾಕ್ ಹಿಂದಕ್ ಹೋದ್ರಿ?"

"ನಿಮ್ದು ದೊಡ್ಡದು."

ಅಷ್ಟೇ. ಹುಲ್ಲಿನ ಹೊರೆಯತ್ತ ನೋಡಿ ಮತ್ತೆ ಅಂದ, "ಎಡಗಡೆ ಹಗ್ಗ ಸಡ್ಲ ಆಗೈತೆ."

"ಗೊತ್ತು!"

ಗೊತ್ತಿರಲಿಲ್ಲ. ತಿರುವಿನಾಚೆ ಅವನ ಕಣ್ಣು ತಪ್ಪಿದ ಮೇಲೆ ಇಳಿದು ಹಗ್ಗ ಬಿಗಿದಳು. ಬಿಗಿಯುವಾಗ ತಾನೇಕೆ ನಗುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ಕಿಶನ್. ಪಾಂಡವಪುರದಲ್ಲಿ ವೆಲ್ಡಿಂಗ್ ಅಂಗಡಿ; ಶೆಡ್ಡು, ಗೇಟು, ಶೀಟಿನ ಕೆಲಸ. ಆಮೇಲಿನ ಮೂರು ತಿಂಗಳಲ್ಲಿ ಅದೇ ಏರಿಯ ಮೇಲೆ ಇಬ್ಬರೂ ಎದುರಾದದ್ದು ಎಷ್ಟು ಸಲವೋ! ಪ್ರತಿ ಸಲವೂ ಅವನದು ಒಂದೋ ಎರಡೋ ಮಾತು. ಉಳಿದದ್ದೆಲ್ಲ ಮೌನ. ಆ ಮೌನ ಅವಳಿಗೆ ಭಾರವೆನಿಸುತ್ತಿರಲಿಲ್ಲ. ಬದಲಿಗೆ, ದಿನವಿಡೀ ಇಂಜಿನ್ ಸದ್ದು ಕೇಳಿದ ಕಿವಿಗೆ ಅದೊಂದು ನೆರಳಿನ ಹಾಗಿರುತ್ತಿತ್ತು.

ರಂಜಿತಳ ಊರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರ. ಅದು ಒಣಭೂಮಿ. ರಾಗಿ ಬೆಳೆಯುತ್ತದೆ, ಹುರುಳಿ ಬೆಳೆಯುತ್ತದೆ, ಮನೆಮನೆಯಲ್ಲೂ ಹಸುಗಳಿವೆ. ಮೇವು ಮಾತ್ರ ಸಾಲದು. ಅಪ್ಪ ಪುಟ್ಟಸ್ವಾಮಿ ತೀರಿಕೊಂಡ ಮೇಲೆ, ನೀರಾವರಿ ಕಡೆಯ ಹುಲ್ಲನ್ನು ತಂದು ತನ್ನೂರ ಕಡೆ ಹಂಚುವ ಕೆಲಸಕ್ಕೆ ಅವಳೇ ಇಳಿದಿದ್ದಳು. ಕೆ.ಆರ್. ಪೇಟೆಯಲ್ಲಿ ಹೇಳಿ ಮಾಡಿಸಿದ ಆ ಟ್ರೈಲರಿನ ಹಿಂಬದಿಯಲ್ಲಿ ಅವಳ ಹೆಸರೇ ಇತ್ತು, ಕೆಂಪು ಬಣ್ಣದಲ್ಲಿ.

ಈಗ ಅದಕ್ಕೊಂದು ಸೂರು ಬೇಕಿತ್ತು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೇ ಹುಲ್ಲು ಬೇಕೆನ್ನುವವರು ಹೆಚ್ಚಾಗಿದ್ದರು. ಹಿಂದಿನ ದಿನವೇ ಲೋಡು ತಂದು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಕು. ಒಂದು ಮಳೆ ಬಿದ್ದರೆ ಹುಲ್ಲು ಕೊಳೆಯುತ್ತದೆ.

ಅಳತೆಗೆ ಕಿಶನ್‌ನನ್ನೇ ಕರೆದಳು. ಮನೆಯ ಮುಂದಿನ ಅಂಗಳದಲ್ಲಿ ಕಾಲಿನಿಂದ ಗೆರೆ ಎಳೆದು ತೋರಿಸಿದಳು.

"ಇಲ್ಲೇ ಬರ್ಬೇಕು. ರೋಡಲ್ಲಿ ಹೋಗೋರ್ಗೆಲ್ಲ ಕಾಣ್ಬೇಕು."

"ಲೋಡ್ ಆದ್ಮೇಲೆ ಎತ್ತರ ಎಷ್ಟು?"

"ನೆಲದಿಂದ ಹದಿಮೂರಡಿ."

ಅವನು ತಲೆಯೆತ್ತಿ ಮೇಲೆ ನೋಡಿದ. ತುಂಬ ಹೊತ್ತು ನೋಡಿದ. ನನ್ನ ಮುಖ ನೋಡಲು ನಾಚಿಕೆಯೇನೋ ಅಂದುಕೊಂಡು ರಂಜಿತ ಒಳಗೊಳಗೇ ಹಿಗ್ಗಿದಳು.

ಅವಳು ಕಾಫಿ ತರಲು ಒಳಗೆ ಹೋದಾಗ ಅವ್ವ ಪುಟ್ಟಗೌರಮ್ಮ ಹೊರಗೆ ಬಂದಿದ್ದಳು. ಅವ್ವ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ.

ಒಂದು ವಾರದ ಮೇಲೆ ಅವನು ನಕ್ಷೆ ತಂದ. ಎರಡು ಹಾಳೆ, ಒಂದರ ಮೇಲೊಂದು ಮಡಿಸಿದ್ದು. ರಂಜಿತ ಆಸೆಯಿಂದ ಬಿಡಿಸಿ ನೋಡಿದಳು. ಮನೆ, ಅಂಗಳ, ದನದ ಕೊಟ್ಟಿಗೆ... ಶೆಡ್ಡು ಇದ್ದದ್ದು ಕೊಟ್ಟಿಗೆಯ ಹಿಂದೆ! ರಸ್ತೆಯಿಂದ ಒಂದು ಚಕ್ರವೂ ಕಾಣದಷ್ಟು ಹಿಂದೆ.

"ಇದೇನಿದು?"

ಅವ್ವ ಪಕ್ಕದಿಂದ ಬಗ್ಗಿ ನೋಡಿ ಬಾಯಿತುಂಬ ನಕ್ಕಳು. "ನಾ ಯೋಳ್ದಂಗೇ ಹಿಂದಕ್ಕಾಕವ್ನೆ ನೋಡು! ಒಳ್ಳೆ ಹುಡ್ಗ ಕಣಮ್ಮಿ. ಬರೋ ಗುರುವಾರ ಹೊಸಹೊಳಲಿನೋರು ಎಣ್ಣು ನೋಡಾಕೆ ಬತ್ತಾವ್ರೆ. ಬಾಗ್ಲಲ್ಲೇ ಈ ರಾಕ್ಷಸ ನಿಂತಿದ್ರೆ ಏನಂದ್ಕಂಡಾರು? ಎಣ್ಣು ಟ್ರಾಕ್ಟರ್ ಓಡಿಸ್ತದೆ ಅಂತ ಮೊದಲ್ನೇ ದಿನವೇ ಯಾಕ್ ತೋರಿಸ್ಬೇಕು?"

ರಂಜಿತಳ ಮುಖ ಬಿಳಚಿಕೊಂಡಿತು. ಅವಳು ಕಿಶನ್‌ನನ್ನೇ ನೋಡಿದಳು. ಅಲ್ಲ ಅನ್ನು... ಒಂದು ಸಲ ಅಲ್ಲ ಅನ್ನು ಸಾಕು!

"ಅವ್ವ ಹೇಳಿದ್ದು ನಿಜಾನಾ?"

"ಈಗಿರೋ ಹಂಗೆ... ಹಿಂದೇನೇ ಒಳ್ಳೇದು," ಅಂದ ಅವನು. ಮತ್ತೆ ಮೇಲಕ್ಕೆ ನೋಡಿದ. "ಇನ್ನೊಂದು ಹಾಳೆ..."

"ಬೇಡ!" ಅವಳ ದನಿ ಒಡೆಯಿತು. "ಏರಿ ಮೇಲೆ ದಾರಿ ಬಿಟ್ಟಾಗ ನೀವು ಬೇರೆ ಥರ ಅಂದ್ಕೊಂಡಿದ್ದೆ. ನೀವೂ ಎಲ್ರಂಗೇ. ನಾನು ದುಡಿದು ಮಾಡಿಸ್ಕೊಂಡಿದ್ದನ್ನ ಕದ್ದ ಮಾಲಿನಂಗೆ ಕೊಟ್ಟಿಗೆ ಹಿಂದೆ ಬಚ್ಚಿಡ್ಬೇಕಾ? ಹೋಗಿ ಕಿಶನ್. ಶೆಡ್ಡೂ ಬೇಡ, ಏನೂ ಬೇಡ!"

ಅವನು ನಿಂತ. ಮಗಳ ಮುಂದೆ ತಾಯಿಯ ಮಾತು ಸುಳ್ಳೆಂದು ಹೇಳಲು ಅವನಿಗೆ ಮನಸ್ಸಾಗಲಿಲ್ಲವೋ, ಇಷ್ಟು ನೊಂದವಳಿಗೆ ಲೆಕ್ಕ ಒಪ್ಪಿಸುವುದು ಸಣ್ಣತನವೆನಿಸಿತೋ... ಹಾಳೆಗಳನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಗುರುವಾರ ಹೊಸಹೊಳಲಿನವರು ಬಂದರು. ರಂಜಿತ ಟ್ರೈಲರನ್ನು ಬಾಗಿಲ ಎದುರಿಗೇ ನಿಲ್ಲಿಸಿದ್ದಳು. "ಮದ್ವೆ ಆದ್ಮೇಲೆ ಇದ್ನ ಮಾರ್ಬುಡ್ತೀರಾ?" ಎಂದು ಅವರು ಕೇಳಿದಾಗ, "ಮದ್ವೆನೇ ಬುಟ್ಬುಡ್ತೀನಿ," ಅಂದಳು. ಅವ್ವ ಎರಡು ದಿನ ಮಾತು ಬಿಟ್ಟಳು.

ಹಟ ಗೆದ್ದಿತ್ತು. ಎದೆ ಮಾತ್ರ ಖಾಲಿಯಾಗಿತ್ತು. ನಾಲೆ ಏರಿಯ ಮೇಲೆ ಹೋಗುವಾಗೆಲ್ಲ ಎದುರಿಗೆ ಪಿಕಪ್ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಕಂಡರೆ ಏನು ಮಾಡುವುದು ಎಂದು ಮಾತ್ರ ಗೊತ್ತಿರಲಿಲ್ಲ. ಒಮ್ಮೆಯೂ ಕಾಣಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಒಂದು ಬೆಳಗ್ಗೆ ಅಂಗಳದ ಮೂಲೆಯಲ್ಲಿ ಮೂವರು ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ಹೊಸದೊಂದು ಕರೆಂಟ್ ಕಂಬ ಮಲಗಿತ್ತು.

"ಏನಣ್ಣ ಇದು? ಯಾರು ಹೇಳಿದ್ದು?"

ಲೈನ್‌ಮನ್ ದಿಲೀಪ್ ಹಣೆ ಒರೆಸಿಕೊಂಡ. "ಏನಮ್ಮ ಇಂಗ್ ಕೇಳ್ತೀರಾ? ನಿಮ್ ಯಜಮಾನ್ರು ನಮ್ ಆಫೀಸ್ ಬೆಂಚ್ ಸವೆಸ್ಬುಟ್ರಲ್ಲ! ವಾರಕ್ ಎರಡ್ ಸಲ ಬರೋರು. ಜಗಳ ಇಲ್ಲ, ಕೂಗಾಟ ಇಲ್ಲ. ಸುಮ್ನೆ ಕುಂತಿರೋರು. ಬಯ್ಯೋರ್ನ ಸಾಗಾಕ್ಬೋದು ಕಣಮ್ಮ, ಸುಮ್ನೆ ಕುಂತೋರ್ನ ಎಂಗ್ ಸಾಗಾಕೋದು? ಕೊನೆಗೆ ನಮ್ ಸಾಹೇಬ್ರೇ ಸೋತು, ‘ಮೊದ್ಲು ಆ ತಂತಿ ಸರ್ಸಿ ಬನ್ರಯ್ಯ’ ಅಂದ್ರು."

ಯಜಮಾನರು?

"ಯಾವ ತಂತಿ?" ಎಂದಳು.

ದಿಲೀಪ್ ಮೇಲಕ್ಕೆ ಬೆರಳು ತೋರಿಸಿದ. "ಜೋತುಬಿದ್ದೈತೆ ನೋಡಿ. ನೆಲದಿಂದ ಹನ್ನೆರಡಡಿನೂ ಇಲ್ಲ. ಇದ್ರ ಕೆಳ್ಗೆ ಉಲ್ಲಿನ್ ಲೋಡ್ ತಂದಿದ್ರೆ ಗಾಡಿ, ಮನೆ, ನೀವು ಎಲ್ಲ ಬೂದಿ!"

ರಂಜಿತ ತಲೆಯೆತ್ತಿದಳು.

ದಾರಿಯ ತಂತಿಗಳೆಲ್ಲ ಅವಳಿಗೆ ಬಾಯಿಪಾಠ. ಯಾವ ಊರಿನ ಯಾವ ತಿರುವಿನಲ್ಲಿ ತಂತಿ ಕೆಳಗಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಆದರೆ ಮನೆಗೆ ಅವಳು ಬರುತ್ತಿದ್ದದ್ದು ಯಾವಾಗಲೂ ಖಾಲಿ ಟ್ರೈಲರಿನಲ್ಲಿ. ತನ್ನ ಅಂಗಳದ ಆಕಾಶವನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಬಂದ ಮೊದಲ ದಿನವೇ ನೋಡಿದ್ದ.

ಒಳಗೆ ಓಡಿದಳು. ಜಗಲಿಯಿಂದ ಅವ್ವ ಎತ್ತಿಟ್ಟಿದ್ದ ಹಾಳೆಗಳು ಇನ್ನೂ ದೇವರ ಗೂಡಿನ ಕೆಳಗಿದ್ದವು. ಎರಡನೆಯ ಹಾಳೆ ಬಿಡಿಸಿದಳು.

ಮನೆಯ ಮುಂದಿನ ಅಂಗಳ. ಅವಳು ಕಾಲಿನಿಂದ ಗೆರೆ ಎಳೆದಲ್ಲೇ ಶೆಡ್ಡು. ಹದಿನಾರು ಅಡಿ ಎತ್ತರ. ರಸ್ತೆಯ ಕಡೆಗೆ ಗೋಡೆಯಿಲ್ಲ, ನಡುಗಂಬವಿಲ್ಲ. ಮೂಲೆಯಲ್ಲಿ ಸಣ್ಣ ಅಕ್ಷರ: ತಂತಿ ಸರಿಸಿದ ಮೇಲೆ.

"ಅವ್ವಾ! ನಿಂಗೆ ಗೊತ್ತಿತ್ತಾ?"

ಪುಟ್ಟಗೌರಮ್ಮ ಸೆರಗಿನ ತುದಿ ತಿರುಚಿದಳು. "ಅರ್ಜಿಗೆ ನನ್ ರುಜು ಬೇಕು ಅಂತ ಬಂದಿದ್ದ. ಆಗ್ಲೇ ತಂತಿ ವಿಷ್ಯ ಯೋಳ್ದ. ನನ್ ಜೀವವೇ ಓದಂಗಾಯ್ತು ಕಣಮ್ಮಿ! ಮಗಳ್ನ ಮುಚ್ಚಿಡಕ್ಕೋದೆ ನಾನು, ಉಳಿಸ್ಕೊಳ್ಳೋಕ್ ನೋಡ್ದೋನು ಅವ್ನು. ಕೆಲ್ಸ ಆಗೋಗಂಟ ಯೋಳ್ಬೇಡಿ, ಆಗ್ದಿದ್ರೆ ಇನ್ನೂ ನೊಂದ್ಕೊತಾರೆ ಅಂದ. ಸೂರಿಲ್ದೆ ನೀನೂ ಮನೆಗೆ ಲೋಡ್ ತರಾಕಿಲ್ವಲ್ಲ, ಅದ್ಕೇ ಬಾಯ್ಮುಚ್ಕಂಡಿದ್ದೆ."

ಮಧ್ಯಾಹ್ನ ಪಾಂಡವಪುರದ ವೆಲ್ಡಿಂಗ್ ಅಂಗಡಿಯ ಮುಂದೆ ಉದ್ದನೆಯ ಟ್ರೈಲರೊಂದು ಬಂದು ನಿಂತಿತು. ಬೀದಿಯ ಅರ್ಧ ಮುಚ್ಚಿಹೋಯಿತು. ಕಿಶನ್ ವೆಲ್ಡಿಂಗಿನ ಕಪ್ಪು ಕನ್ನಡಕ ತೆಗೆದು ಎದ್ದ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಮರೆತುಹೋದವು.

"ತಪ್ಪಾಯ್ತು," ಅಂದಳು. "ಎರಡ್ನೇ ಹಾಳೆ ಇವತ್ ನೋಡ್ದೆ."

ಅವನು ತಲೆಯಾಡಿಸಿದ.

"ಏನಾದ್ರೂ ಬೈಯಿರಿ ಕಿಶನ್!"

"ಪೈಪೆಲ್ಲ ಕುಯ್ದಿಟ್ಟಿದೀನಿ," ಅಂದ ಅವನು. "ಟ್ರೈಲರ್ ತಂದಿದ್ದೂ ಒಳ್ಳೇದಾಯ್ತು. ಹೇರ್ಕೊಂಡು ಹೋಗೋಣ."

ಅಂಗಡಿಯ ಮೂಲೆಯಲ್ಲಿ ಒಂದು ಶೆಡ್ಡಿಗೆ ಬೇಕಾದಷ್ಟೂ ಪೈಪುಗಳು ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದವು. ಬೇಡ ಎಂದು ಅವಳು ಕೂಗಿ ಕಳಿಸಿದ ಮೇಲೂ ಅವನು ಕೆಲಸ ನಿಲ್ಲಿಸಿರಲಿಲ್ಲ. ರಂಜಿತಳ ಕಣ್ಣು ತುಂಬಿತು. ಎಲ್ಲರೆದುರು ಅಳಬಾರದೆಂದು ಅವಳೇ ಮುಂದಾಗಿ ಮೊದಲ ಪೈಪಿನ ಒಂದು ತುದಿ ಎತ್ತಿದಳು. ಇನ್ನೊಂದು ತುದಿಯನ್ನು ಅವನು ಹಿಡಿದ.

ಹನ್ನೆರಡು ದಿನದಲ್ಲಿ ಶೆಡ್ಡು ಎದ್ದಿತು. ಕಂಬಗಳಿಗೆ ಅವ್ವ ಅರಿಶಿನ ಕುಂಕುಮ ಹಚ್ಚಿದಳು. ಮೊದಲ ತುಂಬಿದ ಲೋಡನ್ನು ರಂಜಿತ ಶ್ರೀರಂಗಪಟ್ಟಣದ ಕಡೆಯಿಂದ ತಂದಳು. ಅರ್ಧ ಊರೇ ರಸ್ತೆಯಲ್ಲಿ ನಿಂತಿತ್ತು. ಒಂದೇ ಸಲಕ್ಕೆ, ಮುಂದೆ ಹಿಂದೆ ಎಳೆದಾಡದೆ, ಇಪ್ಪತ್ತೆರಡು ಅಡಿಯನ್ನೂ ಹಿಮ್ಮುಖವಾಗಿ ಸೂರಿನೊಳಗೆ ಸೇರಿಸಿದಳು. ಮೇಲೆ ಮೂರು ಅಡಿ ಜಾಗ ಹಾಗೇ ಉಳಿಯಿತು.

"ಯಾರ್ದವ್ವಾ ಇಷ್ಟ್ ದೊಡ್ ಟ್ರೈಲರು?" ಬಸ್ಸಿಳಿದ ಯಾರೋ ಕೇಳಿದರು.

"ನನ್ ಮಗಳ್ದು!" ಪುಟ್ಟಗೌರಮ್ಮನ ದನಿ ಬೀದಿಯ ಕೊನೆಗೂ ಕೇಳಿಸಿತು. "ಅವಳೇ ಮಾಡಿಸಿದ್ದು, ಅವಳೇ ಓಡ್ಸೋದು!"

ಜನ ಕರಗಿದ ಮೇಲೆ ಸೂರಿನ ನೆರಳಿನಲ್ಲಿ ಇಬ್ಬರೇ ಉಳಿದರು. ಹುಲ್ಲಿನ ಬೆಚ್ಚನೆಯ ವಾಸನೆ ಸುತ್ತಲೂ ತುಂಬಿತ್ತು.

"ಆ ಲೈನ್‌ಮನ್ ಒಂದ್ ಮಾತಂದ," ರಂಜಿತ ನೆಲ ನೋಡುತ್ತ ಅಂದಳು. "ನಿಮ್ನ... ನಮ್ ಯಜಮಾನ್ರು ಅಂದ."

ಕಿಶನ್‌ನ ಕಿವಿ ಕೆಂಪಾಯಿತು. "ನೀನೇನಂದೆ?" ಎಂದು ಕೇಳಿದ.

ಅವನು ಅವಳನ್ನು ನೀನು ಅಂದದ್ದು ಅದೇ ಮೊದಲು.

"ಅಲ್ಲ ಅನ್ಲಿಲ್ಲ."

ಅವನು ಕೈ ಚಾಚಿದ. ಗ್ರೀಸು ಮೆತ್ತಿದ ತನ್ನ ಕೈಯನ್ನು ಅವಳು ಅದರೊಳಗಿಟ್ಟಳು.

"ಅವ್ವನ್ನ ನೀನ್ ಕೇಳ್ತೀಯಾ, ನಾನ್ ಕೇಳ್ಲಾ?"

"ಇಬ್ರೂ ಹೋಗಣ," ಅಂದ.

ಕರೆಂಟ್ ಆಫೀಸಿನಲ್ಲಿ ಮೊದಲ ದಿನವೇ ಅವನನ್ನು ಕೇಳಿದ್ದರು, "ಆ ಮನೆ ಯಜಮಾನ್ರು ನೀವೇನಾ?" ಅಲ್ಲ ಎಂದು ಕಿಶನ್ ಅಲ್ಲಿ ಒಂದು ದಿನವೂ ಹೇಳಿರಲಿಲ್ಲ.