ಪೊಡಿನೋನಾ ಎತ್ತಿಟ್ಟ ಅಲೆ

"ಇವತ್ತೊಂದಿನ ಆ ಮೆಟ್ಟಿಲ ಹತ್ರ ಇಂಜಿನ್ ತಗ್ಗಿಸಿಬಿಡು ತಮ್ಮಾ," ಎಂದ ಲಾಂಚಿನ ಆಳು ಹೆಂಡ್ರಿಕ್ ಅಪ್ಪು. "ಮುದುಕಿ ಮಗನಿಗೆ ಎಡೆ ಇಡ್ತಾಳೆ. ಸತ್ತೋರು ಉಣ್ಣೋ ಹೊತ್ನಲ್ಲಿ ನೀರು ಕಲಕಬಾರದು."

"ಸತ್ತೋನು ಊಟಕ್ಕೆ ನೀರಲ್ಲೇ ಬರ್ತಾನಾ? ರಸ್ತೇಲಿ ಬರಬಾರದಾ?" ಎಂದ ವಿಲ್ಮಟ್.

ವಿಲ್ಮಟ್ ಕೊಡಿತುವಕ್ಕುವಿನ ಅಂಗಿಯಿಂದ ಕೊಲಂಬೋದ ಇಸ್ತ್ರಿ ಇನ್ನೂ ಮಾಸಿರಲಿಲ್ಲ. ಅಲ್ಲಿನ ಬಂದರಿನಲ್ಲಿ ಹಡಗುಗಳ ಸುತ್ತ ಲಾಂಚು ಓಡಿಸಿಕೊಂಡಿದ್ದವನು, ಯುದ್ಧದ ಸಂಬಳಕ್ಕೆ ಕೊಗ್ಗಲ ಸರೋವರಕ್ಕೆ ಬಂದಿದ್ದ. ದೇವರು, ದೆವ್ವ, ಪೆಟ್ರೋಲು ಈ ಮೂರರಲ್ಲಿ ಅವನು ಕಣ್ಣಾರೆ ಕಂಡದ್ದು ಪೆಟ್ರೋಲನ್ನು ಮಾತ್ರ. ಆದ್ದರಿಂದ ಅದನ್ನೊಂದೇ ನಂಬಿದ್ದ.

ಸರೋವರದ ದಂಡೆಯ ಹಳ್ಳಿಯನ್ನು ಬ್ರಿಟಿಷ್ ವಾಯುಪಡೆಯವರು ತೆರವು ಮಾಡಿಸಿ ಹಾರುದೋಣಿಗಳ ತಾಣ ಮಾಡಿಕೊಂಡಿದ್ದರು. ದೋಣಿಯ ಹೊಟ್ಟೆ, ಹದ್ದಿನ ರೆಕ್ಕೆ. ಬೆಳಿಗ್ಗೆ ನೀರಿನಿಂದಲೇ ಎದ್ದು ಸಾಗರದ ಮೇಲೆ ಜಪಾನೀಯರನ್ನು ಹುಡುಕಿ, ತಿರುಗಿ ನೀರಿನ ಮೇಲೇ ಇಳಿಯುತ್ತಿದ್ದವು. ಇಳಿಯುವುದರಲ್ಲೇ ಇತ್ತು ಗಂಡಾಂತರ. ಗಾಳಿ ಬಿದ್ದ ದಿನ ಸರೋವರ ಕನ್ನಡಿಯಾಗುತ್ತಿತ್ತು. ಕನ್ನಡಿಯ ಮೇಲೆ ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಮೇಲಿನಿಂದ ಯಾವ ಪೈಲಟ್ಟಿಗೂ ತಿಳಿಯದು. ಇನ್ನೂ ಎತ್ತರವಿದೆ ಎಂದುಕೊಂಡೇ ಬಂದು ಅಪ್ಪಳಿಸುತ್ತಿದ್ದ. ಅದಕ್ಕೇ, ವಿಮಾನ ಇಳಿಯುವ ಮೊದಲು ಆ ದಾರಿಯುದ್ದಕ್ಕೂ ಲಾಂಚು ಓಡಿಸಿ ಅಲೆ ಎಬ್ಬಿಸಬೇಕು. ಅಲೆ ಕಂಡರೆ ನೀರು ಕಂಡ ಹಾಗೆ. ವಿಲ್ಮಟ್‌ಗೆ ಸಂಬಳ ಸಿಗುತ್ತಿದ್ದದ್ದು ಅದಕ್ಕೆ.

ಅವನು ಇಂಜಿನ್ ತಗ್ಗಿಸಲಿಲ್ಲ. ಹೆಂಡ್ರಿಕ್ ಅಪ್ಪುವಿನ ಮುಖ ನೋಡುತ್ತಲೇ ಇನ್ನಷ್ಟು ಏರಿಸಿದ.

ತೆರವಾದ ಹಳ್ಳಿಯ ಹಾಳು ಮೆಟ್ಟಿಲ ಮೇಲೆ ಪೊಡಿನೋನಾ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮುಂದೆ ಬಾಳೆಲೆ, ಅದರಲ್ಲಿ ಅನ್ನ, ಹುರಿದ ಮೀನು, ಒಂದು ಚುಟ್ಟಾ. ಹಳ್ಳಿ ಬಿಡಿಸಿದ ದಿನ ಅವಳ ಮಗ ಸುಗತ ಮನೆಯ ಸಾಮಾನೆಲ್ಲ ತೆಪ್ಪಕ್ಕೆ ಹೇರಿದ್ದ. ಯಾವುದೋ ಲಾಂಚಿನ ಅಲೆ ಬಡಿದು ತೆಪ್ಪ ಮಗುಚಿತು. ಮಂಚ ತೇಲಿತು. ಅರೆಯುವ ಕಲ್ಲೂ ಸುಗತನೂ ತೇಲಲಿಲ್ಲ.

ವಿಲ್ಮಟ್‌ನ ಅಲೆ ಮೆಟ್ಟಿಲು ಹತ್ತಿ, ಎಲೆಯನ್ನು ಎತ್ತಿಕೊಂಡು ಇಳಿಯಿತು. ಕಾಗೆಗಳು ಚದುರಿದವು. ವಿಲ್ಮಟ್ ನಕ್ಕ. ಇಂಜಿನ್ನಿನ ಸದ್ದಿನ ಮೇಲೂ ಕೇಳುವಂತೆ ನಕ್ಕ.

ಮುದುಕಿ ಬೈಯಲಿಲ್ಲ. ಸೊಂಟದಿಂದ ತೆಂಗಿನ ಚಿಪ್ಪು ತೆಗೆದು, ಹಿಂದಕ್ಕೆ ಸರಿಯುತ್ತಿದ್ದ ಅಲೆಯಿಂದ ಒಂದು ಚಿಪ್ಪು ನೀರು ಮೊಗೆದಳು. ಹಾರಿಹೋಗುವ ಮಿಡತೆಯನ್ನು ಹಿಡಿದವಳಂತೆ ಅದರ ಮೇಲೆ ಅಂಗೈ ಮುಚ್ಚಿದಳು.

"ಎತ್ತಿಟ್ಕೊಂಡ್ಳು," ಎಂದ ಹೆಂಡ್ರಿಕ್ ಅಪ್ಪು.

"ಏನನ್ನ? ಒಂದು ಚಿಪ್ಪು ನೀರನ್ನ? ಸಾಲದಿದ್ರೆ ಪೀಪಾಯಿ ಕಳಿಸೋಣ ಬಿಡಪ್ಪ."

ಮಾರನೆಯ ದಿನ ಅವಳು ಸೀನಿಗಮಕ್ಕೆ ಹೋಗಿ ಬಂದ ಸುದ್ದಿಯನ್ನು ಹೆಂಡ್ರಿಕ್ ಅಪ್ಪುವೇ ತಂದ. ಅಲ್ಲಿನ ದೇವೋಲ್ ದೇವರ ಗುಡಿಯಲ್ಲಿ ಒಂದು ಅರೆಯುವ ಕಲ್ಲಿದೆ. ಕಳ್ಳತನವಾದವರು, ಮೋಸಹೋದವರು ಅಲ್ಲಿ ಮೆಣಸಿನಕಾಯಿ, ಕಾಳುಮೆಣಸು, ಸಾಸಿವೆ ಅರೆದು ಶಾಪ ಹಾಕುತ್ತಾರೆ. ಪೊಡಿನೋನಾ ಅರೆಯುವಾಗ ಬಾವಿಯ ನೀರು ಮುಟ್ಟಲಿಲ್ಲವಂತೆ. ಚಿಪ್ಪಿನ ನೀರನ್ನೇ ಹನಿಹನಿಯಾಗಿ ಬಿಟ್ಟುಕೊಂಡಳಂತೆ.

"ಸಾರಿಗೆ ಉಪ್ಪು ಹಾಕಿದ್ಲೋ ಇಲ್ವೋ?" ಎಂದ ವಿಲ್ಮಟ್.

ಅಂದು ಸಂಜೆ ಲಾಂಚಿನಲ್ಲಿ ಘಾಟು ಹತ್ತಿತು. ಪೆಟ್ರೋಲಿನದಲ್ಲ. ದಂಡೆಯ ಗುಂಡಿಗಳಲ್ಲಿ ಕೊಳೆಯುವ ತೆಂಗಿನ ಸಿಪ್ಪೆಯ ನಾತವೂ ಅಲ್ಲ. ಬಾಣಲೆಯಲ್ಲಿ ಮೆಣಸಿನಕಾಯಿ ಕರಕಲಾಗುವ ಘಾಟು. ಕಣ್ಣೊರೆಸಿಕೊಳ್ಳುತ್ತ ವಿಲ್ಮಟ್ ಹಿಂದಕ್ಕೆ ತಿರುಗಿದ. ದಂಡೆಯ ಮರಗಳ ಮರೆಯಲ್ಲಿ ಗಾಳಿ ತಾಗದ ನೀರಿನ ತುಂಡೊಂದಿತ್ತು. ಲಾಂಚು ಅದನ್ನು ಸೀಳಿಕೊಂಡು ಬಂದಿತ್ತು. ನೀರಿನ ಮೇಲೆ ಗೀರಿರಲಿಲ್ಲ. ನೊರೆಯಿಲ್ಲ, ಅಲೆಯಿಲ್ಲ, ಒಂದು ಸುಕ್ಕೂ ಇಲ್ಲ.

"ಪ್ರೊಪೆಲರ್ ಕೆಟ್ಟಿದೆ," ಎಂದ.

"ಕೆಟ್ಟಿದ್ರೆ ನಾವು ಹೆಂಗೆ ಮುಂದಕ್ಕೆ ಹೋಗ್ತಿದ್ವಿ?" ಎಂದ ಹೆಂಡ್ರಿಕ್ ಅಪ್ಪು.

ಆಮೇಲಿನ ದಿನಗಳಲ್ಲಿ ಸಮುದ್ರದ ಗಾಳಿ ಬೀಸುತ್ತಲೇ ಇತ್ತು. ಸರೋವರ ತಾನಾಗಿಯೇ ಕಲಕಿಕೊಂಡಿತು. ವಿಮಾನಗಳು ಸುಖವಾಗಿ ಇಳಿದವು. ಲಾಂಚಿನ ಹಿಂದೆ ಅಲೆ ಏಳುತ್ತಿಲ್ಲವೆಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಹಿಂದಕ್ಕೆ ನೋಡುವುದನ್ನು ಬಿಟ್ಟರು.

ಆಗ ಬಂತು ಹೆಕ್ಟರನ ಸುದ್ದಿ. ಹೆಕ್ಟರ್ ವಿಲ್ಮಟ್‌ನ ತಮ್ಮ, ಸರಕು ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ತುಂಬುವ ಬೆಂಕಿಯಾಳು. ಹಡಗಿಗೆ ಟಾರ್ಪೆಡೋ ಬಿದ್ದು ಎಷ್ಟೋ ದಿನವಾಗಿತ್ತು. ಕೊಲಂಬೋದಲ್ಲಿ ತಾಯಿ ಅನ್ನ ಬಿಟ್ಟು ಮಲಗಿದ್ದಳು. ಲಾಂಚುಗಳ ಮೇಲಧಿಕಾರಿ ಪ್ಯಾರಿ ವಿಲ್ಮಟ್‌ನನ್ನು ಜೆಟ್ಟಿಗೆ ಕರೆಸಿದ.

"ನಿನ್ನ ಮನೆಹೆಸರು ನನ್ನ ಬಾಯಲ್ಲಿ ತಿರುಗೋದಿಲ್ಲ ನೋಡು, ಅದಕ್ಕೇ ಮರೆಯೋದೂ ಇಲ್ಲ. ನಮ್ಮ ಹಾರುದೋಣಿ ಸಮುದ್ರದಲ್ಲಿ ತೆಪ್ಪವೊಂದನ್ನ ಕಂಡು, ಇಳಿದು, ಅದರಲ್ಲಿದ್ದವರನ್ನ ಹತ್ತಿಸಿಕೊಂಡಿದೆ. ಅವರಲ್ಲೊಬ್ಬನದು ಅದೇ ಹೆಸರು. ಬದುಕಿದ್ದಾನೆ. ಮಧ್ಯಾಹ್ನಕ್ಕೆ ಇಲ್ಲಿರ್ತಾನೆ."

ವಿಲ್ಮಟ್ ಅಳುತ್ತ ನಕ್ಕ. ಕಣ್ಣೊರೆಸಿ ಸರೋವರದ ಕಡೆ ನೋಡಿದ. ತೆಂಗಿನ ಗರಿಗಳು ಅಲುಗುತ್ತಿರಲಿಲ್ಲ. ಧ್ವಜ ಕಂಬಕ್ಕೆ ಅಂಟಿಕೊಂಡಿತ್ತು. ನೀರಿನಲ್ಲಿ ಇನ್ನೊಂದು ಆಕಾಶ ಬಿದ್ದಿತ್ತು, ಮೋಡದ ಎಳೆಯೂ ಕದಲದೆ.

ರೈಲುಹಳಿಯ ಆಚೆ, ಹೆಣೆದ ಗರಿಯ ಗುಡಿಸಲ ಮುಂದೆ, ಪೊಡಿನೋನಾ ತೆಂಗಿನ ನಾರು ಬಡಿಯುತ್ತಿದ್ದಳು. ಓಡಿ ಬಂದವನನ್ನು ತಲೆಯೆತ್ತಿ ನೋಡಲಿಲ್ಲ.

"ಅಜ್ಜೀ, ತಪ್ಪಾಯ್ತು. ಎಡೆ ಹಾಳು ಮಾಡಿದೆ."

"ಎಡೆ ಕಾಗೆಗೂ ಹೋಗ್ತದೆ, ನಾಯಿಗೂ ಹೋಗ್ತದೆ. ನೀನು ನಕ್ಕೆ."

"ನನ್ನ ತಮ್ಮ ವಿಮಾನದಲ್ಲಿ ಬರ್ತಾ ಇದಾನೆ. ನೀರು ಕಲಕದಿದ್ರೆ ಅಷ್ಟೂ ಜನ ಸಾಯ್ತಾರೆ. ನನ್ನ ಅಲೆ ಕೊಟ್ಟುಬಿಡು."

ಬಡಿಗೆ ನಿಂತಿತು.

"ಈಜು ಬರ್ತದಾ ಅವನಿಗೆ?"

"ಬರ್ತದೆ."

"ಸುಗತನಿಗೂ ಬರ್ತಿತ್ತು."

ನಾರಿನ ಧೂಳು ಬಿಸಿಲಲ್ಲಿ ತೇಲಿತು. ಒಳಗೆಲ್ಲೋ ಘಾಟು. ಮುದುಕಿ ಅವನ ಕಾಲುಗಳನ್ನೇ ನೋಡಿದಳು.

"ಕೊಡ್ತೀನಿ ಹೋಗು," ಎಂದಳು. "ನಾನೇನು ಕಳ್ಳಿ ಅಲ್ಲ. ನೀನು ಎಬ್ಬಿಸಿದ್ದು ನಿಂದೇ. ಒಂದೂ ಬಿಡದೆ ಕೊಡ್ತೀನಿ."

ವಿಲ್ಮಟ್ ಅವಳ ಪಾದಕ್ಕೆ ಬಿದ್ದ. ಕ್ಷಮೆ ಸಿಕ್ಕಿತೆಂದು ತಿಳಿದ. ಕೊಲಂಬೋದಲ್ಲಿ ಬೆಳೆದವನಿಗೆ ಇಂಥ ಮಾತನ್ನು ತಿರುಗಿಸಿ ನೋಡುವ ಅಭ್ಯಾಸವಿರಲಿಲ್ಲ.

ಲಾಂಚು ಬಿಟ್ಟ. ಇಂಜಿನ್ ಪೂರ್ತಿ ಏರಿಸಿದ. ಹಲಗೆಗಳು ನಡುಗಿದವು. ಹಿಂದೆ ನೋಡಿದ. ಕನ್ನಡಿ.

ಇನ್ನೊಂದು ಸುತ್ತು. ಕನ್ನಡಿ.

ಜೆಟ್ಟಿಗೆ ತಂದು ಗುದ್ದಿ, ಹಾರಿ ಇಳಿದ. "ದೊರೆ, ವಿಮಾನ ಇಳಿಸಬೇಡಿ! ನನ್ನ ಲಾಂಚಿಗೆ ಅಲೆ ಏಳ್ತಿಲ್ಲ! ಬೇರೆ ಲಾಂಚು ಕಳಿಸಿ!"

"ಬೇರೆಯವು ದುರಸ್ತಿಯಲ್ಲಿವೆ. ವಿಮಾನದಲ್ಲಿ ಇನ್ನೊಂದು ಸುತ್ತಿಗೂ ಪೆಟ್ರೋಲಿಲ್ಲ." ಪ್ಯಾರಿ ಬಗ್ಗಿ ಅವನ ಬಾಯಿ ಮೂಸಿದ. "ಕುಡಿದಿಲ್ಲ. ಮತ್ತೇನು? ಮಾಟವಾ? ನಗರದಿಂದ ಬಂದವನು, ನೀನಾದರೂ ಇದನ್ನೆಲ್ಲ ನಂಬೋದಿಲ್ಲ ಅಂದುಕೊಂಡಿದ್ದೆ. ಹೋಗು, ನೀರು ಕಲಕು."

ದಕ್ಷಿಣದಲ್ಲಿ ಗುಂಯ್‌ಗುಡುವ ಸದ್ದು. ತೆಂಗಿನ ತಲೆಗಳ ಮೇಲೆ ಬಿಳಿ ರೆಕ್ಕೆ.

ವಿಲ್ಮಟ್ ಮತ್ತೆ ಓಡಿಸಿದ. ಉದ್ದಕ್ಕೆ ಓಡಿಸಿದ. ಅಡ್ಡಕ್ಕೆ ಓಡಿಸಿದ. ಹುಟ್ಟು ಎಸೆದ, ಹಲಗೆ ಎಸೆದ, ಅಂಗಿ ಬಿಚ್ಚಿ ಎಸೆದ, ಪೈಲಟ್‌ನ ಕಣ್ಣಿಗೆ ಏನಾದರೂ ಕಾಣಲೆಂದು. ಅವು ಸದ್ದಿಲ್ಲದೆ ಬಿದ್ದವು. ಬಿದ್ದಲ್ಲೇ ನಿಂತವು. ಸುತ್ತ ಒಂದು ಉಂಗುರವೂ ಏಳಲಿಲ್ಲ. ಹೆಂಡ್ರಿಕ್ ಅಪ್ಪು ಅಂಚಿಗೆ ಬಗ್ಗಿ ಎರಡೂ ಕೈಯಿಂದ ನೀರು ಬಡಿಯುತ್ತಿದ್ದ. ನೀರು ಅವನ ಕೈಯನ್ನು ನುಂಗಿ ಮುಚ್ಚಿಕೊಳ್ಳುತ್ತಿತ್ತು.

ಹಾರುದೋಣಿ ಇಳಿಯಿತು. ಕೆಳಗಿನಿಂದ ಇನ್ನೊಂದು ಹಾರುದೋಣಿ ತಲೆಕೆಳಗಾಗಿ ಏರಿ ಬಂತು. ಎರಡರ ನಡುವೆ ಬೆಳಕಿನ ಒಂದು ಗೆರೆ. ಗೆರೆ ತೆಳುವಾಯಿತು. ಮೇಲಿನದು ಮೂಗು ಎತ್ತಲಿಲ್ಲ.

ಎತ್ತಲೇ ಇಲ್ಲ.

ಸದ್ದು ಆಮೇಲೆ ಬಂತು. ಹೊಟ್ಟೆ ಸೀಳಿತು. ಬಾಲ ಆಕಾಶಕ್ಕೆ ನಿಂತು ಮುರಿಯಿತು. ಆ ಹೊಡೆತಕ್ಕೂ ಸರೋವರ ಅಲೆ ಎಬ್ಬಿಸಲಿಲ್ಲ. ರೆಕ್ಕೆಯೊಂದು ಉಳಿದು ತೇಲಿತು. ಅದರ ಮೇಲೆ ಜನ. ತುದಿಯನ್ನು ತಬ್ಬಿಕೊಂಡಿದ್ದ, ಬಿಸಿಲಿಗೆ ಸುಟ್ಟು ಸುಲಿದ ಒಂದು ಮುಖ.

"ಅಣ್ಣಾ!"

ಹೆಕ್ಟರ್. ಬದುಕಿದ್ದ. ಸಮುದ್ರವನ್ನೂ ಗೆದ್ದಿದ್ದ, ಕನ್ನಡಿಯನ್ನೂ ಗೆದ್ದಿದ್ದ.

"ಬಂದೆ ಕಣೋ! ಬಿಡಬೇಡ, ಗಟ್ಟಿಯಾಗಿ ಹಿಡ್ಕೋ!"

ವಿಲ್ಮಟ್ ಲಾಂಚನ್ನು ಹಾರಿಸಿದ. ಸುಟ್ಟ ಎಣ್ಣೆಯ ವಾಸನೆ. ಮೆಣಸಿನ ಘಾಟು. ತಮ್ಮ ಹತ್ತಿರ ಬಂದ. ಇನ್ನೂ ಹತ್ತಿರ. ವಿಲ್ಮಟ್ ಇಂಜಿನ್ ನಿಲ್ಲಿಸಿದ. ಕೈ ಚಾಚಿದ.

"ಅಯ್ಯೋ ತಮ್ಮಾ, ಹಿಂದೆ ನೋಡು!" ಎಂದು ಹೆಂಡ್ರಿಕ್ ಅಪ್ಪು ಚೀರಿದ.

ಎದ್ದವು. ಅಷ್ಟು ದಿನ ಏಳದಿದ್ದವೆಲ್ಲ ಎದ್ದವು. ಅವನು ಓಡಿಸಿದ ಒಂದೊಂದು ಓಟದ ಅಲೆಯೂ ಒಂದರ ಬೆನ್ನು ಹತ್ತಿ ಒಂದು, ಕಂದು ಗೋಡೆಯಾಗಿ, ಲಾಂಚು ಬಂದ ದಾರಿಯಲ್ಲೇ ಬಂದವು. ಲಾಂಚನ್ನು ಮಗುಚಲಿಲ್ಲ. ತಾಯಿ ಕೂಸನ್ನು ಎತ್ತಿ ಪಕ್ಕಕ್ಕಿಡುವಂತೆ ಮೆತ್ತಗೆ ಎತ್ತಿ, ಅದರಡಿಯಿಂದ ದಾಟಿದವು. ಹೆಕ್ಟರನ ಬೆರಳು ಅಣ್ಣನ ಬೆರಳಿಗೆ ತಾಗಿತು. ಬೆಚ್ಚಗಿತ್ತು. ರೆಕ್ಕೆ ನೆಟ್ಟಗೆ ಎದ್ದಿತು. ಮಗುಚಿತು.

ಆಮೇಲೆ ನೊರೆ. ಬರೀ ನೊರೆ.

ಈಜಿ ದಡ ಸೇರಿದವರು ಮೂವರು. ಮೂವರೂ ಬಿಳಿಯರು. ಕತ್ತಲಾಗುವವರೆಗೂ ಬಿದಿರ ಗಳು ಹಾಕಿ ತಳ ಹುಡುಕಿದರು. ಪೈಲಟ್ ಸಿಕ್ಕಿದ. ಹೆಕ್ಟರ್ ಸಿಗಲಿಲ್ಲ. ವಿಲ್ಮಟ್ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಮರುದಿನ ಬೆಳಿಗ್ಗೆಯೂ ಗಾಳಿಯಿರಲಿಲ್ಲ. ಇನ್ನೊಂದು ಹಾರುದೋಣಿ ಬರುವುದಿತ್ತು. ಪ್ಯಾರಿ ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಕಷ್ಟ ಗೊತ್ತು. ಆದರೆ ಅದರಲ್ಲೂ ಜನ ಇದಾರೆ," ಎಂದ.

ವಿಲ್ಮಟ್ ಇಂಜಿನ್ ಏರಿಸಿದ. ಅಲೆ ಎದ್ದಿತು. ಎರಡೂ ಬದಿಗೆ ಬೆಳ್ಳಗೆ, ಒತ್ತೊತ್ತಾಗಿ, ಕಲಿಯುವವರಿಗೆ ತೋರಿಸಬಹುದಾದಂಥ ಅಲೆ.

"ತಮ್ಮಾ," ಎಂದ ಹೆಂಡ್ರಿಕ್ ಅಪ್ಪು, ಹೆಕ್ಟರ್ ಮುಳುಗಿದ ಜಾಗ ಹತ್ತಿರವಾದಾಗ. "ಇಲ್ಲಿ ಸ್ವಲ್ಪ ತಗ್ಗಿಸೋಣ್ವಾ?"

ತೆಂಗಿನ ತಲೆಗಳ ಮೇಲೆ ಬಿಳಿ ರೆಕ್ಕೆ ಕಾಣಿಸಿಕೊಂಡಿತ್ತು. ತಗ್ಗಿಸುವಂತಿರಲಿಲ್ಲ. ವಿಲ್ಮಟ್ ಕಣ್ಣು ಮುಚ್ಚಿ, ತಮ್ಮನ ಮೇಲೆ ಪೂರ್ತಿ ವೇಗದಲ್ಲಿ ಹಾದುಹೋದ.