ರಜೆ ಹಾಕಿದ ಹೊಲ

“ಈ ವರ್ಷ ಏನೂ ಬಿತ್ತಲ್ಲ ಅಂತ ಒಪ್ಕೊಂಡಿದ್ರಲ್ಲ. ಮತ್ತೆ ಇದೇನ್ರೀ?” ಎಂದು ಆಫೀಸರು ಬಗ್ಗಿ ತೋರಿಸಿದರು.

ಅಪ್ಪ ನೋಡಿದ. ಖಾಲಿ ಹೊಲದ ನಡುವೆ ಮೆಕ್ಕೆಜೋಳದ ಮೊಳಕೆಗಳು ತಲೆಯೆತ್ತಿ ನಿಂತಿದ್ದವು.

“ದೇವರಾಣೆ, ನಾನು ಬಿತ್ತಿಲ್ಲ ಸಾರ್. ಹಕ್ಕಿಗಿಕ್ಕಿ ಉದುರಿಸಿರ್ಬೇಕು.”

“ಹಕ್ಕಿ ಹೀಗೆ ಸಾಲು ಹಿಡಿದು ಬಿತ್ತುತ್ತಾ?”

ಅಪ್ಪನ ಬೆನ್ನ ಹಿಂದೆ ನಿಂತಿದ್ದ ಗುಬ್ಬಿ ಇನ್ನಷ್ಟು ಹಿಂದೆ ಸರಿದಳು. ಗುಬ್ಬಿ ಎಂದರೆ ಹಕ್ಕಿಯಲ್ಲ, ಅಪ್ಪನ ಒಬ್ಬಳೇ ಮಗಳು. ಐದನೇ ಕ್ಲಾಸು.

ಈ ವರ್ಷ ಸರಕಾರ ಹೊಸ ಸ್ಕೀಮ್ ತಂದಿತ್ತು. ಹೊಲವನ್ನು ಉಳದೆ ಬಿತ್ತದೆ ಹಾಗೇ ಬಿಟ್ಟರೆ ಮಣ್ಣು ಸುಧಾರಿಸಿಕೊಳ್ಳುತ್ತದೆ. ಬಿಟ್ಟವರಿಗೆ ಸರಕಾರವೇ ಹಣ ಕೊಡುತ್ತದೆ. “ನಿಮ್ಮ ಹೊಲಕ್ಕೆ ಸಂಬಳದ ರಜೆ ಬಿಡಪ್ಪಾ!” ಎಂದು ಅಂಗಡಿಯವರು ನಕ್ಕಿದ್ದರು. ಈ ವರ್ಷ ಮನೆ ನಡೆಯಬೇಕಾದದ್ದೂ ಆ ಹಣದಿಂದಲೇ.

ಆದರೆ ಉಳುವುದೇ ಇಲ್ಲ ಎಂದ ಮೇಲೆ ಅಪ್ಪನ ಟ್ರ್ಯಾಕ್ಟರ್ ಓಡಿಸುವ ಡ್ರೈವರಿಗೇನು ಕೆಲಸ? ಡ್ರೈವರ್ ಮಾಮ ಗಂಟುಮೂಟೆ ಕಟ್ಟಿಕೊಂಡು ದೂರದ ಗೋಡೌನಿಗೆ ಕೆಲಸಕ್ಕೆ ಹೋದ. ಅವನ ಜೊತೆ ಅವನ ಮಗಳೂ ಹೋದಳು. ಬಾಯಿ ಮುಚ್ಚದೆ ಮಾತಾಡುವ ಅವಳಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ.

ಈಗ ಸ್ಕೂಲ್ ಬಸ್ಸಿಗೆ ಗುಬ್ಬಿ ಒಬ್ಬಳೇ ಕಾಯುತ್ತಾಳೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಅವಳ ಬ್ಯಾಗ್ ಕೂರುತ್ತದೆ. ಸಂಜೆಯಂತೂ ಹೊತ್ತೇ ಹೋಗುವುದಿಲ್ಲ. ಹೊಲದ ತುಂಬ ದೃಷ್ಟಿ ಹಾಯಿಸಿದರೂ ಒಬ್ಬರೂ ಕಾಣುವುದಿಲ್ಲ. ಅವಳಿಗೆ ಅಳು ಬರುತ್ತದೆ.

“ನಿಮ್ಮ ಹೊಲದಲ್ಲಿ ಬೆಳೆ ಬಂದ್ರೆ ನಮ್ಮಪ್ಪಂಗೆ ಕೆಲಸ ಕಣೇ. ಆವಾಗ ಓಡಿ ಬಂದ್ಬಿಡ್ತೀವಿ!” ಎಂದು ರೇಡಿಯೋ ಹೊರಡುವಾಗ ಹೇಳಿದ್ದಳು. ಗುಬ್ಬಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಕೋಳಿಗೆ ಹಾಕುವ ಮೆಕ್ಕೆಜೋಳವನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು ಹೋಗಿ, ಯಾರಿಗೂ ಗೊತ್ತಾಗದಂತೆ ಬಿತ್ತಿಬಿಟ್ಟಿದ್ದಳು.

ಆಫೀಸರು ಫೋನ್ ತೆಗೆದರು. “ನಾನು ಫೋಟೋ ಕಳಿಸ್ಬೇಕು. ಬೆಳೆ ಕಂಡ್ರೆ ಹಣ ನಿಂತುಹೋಗುತ್ತೆ.”

“ನಾನೇ ಬಿತ್ತಿದ್ದು!” ಗುಬ್ಬಿ ಕಿರುಚಿದಳು. “ಅಪ್ಪಂಗೆ ಗೊತ್ತೇ ಇಲ್ಲ. ಬೆಳೆ ಬಂದ್ರೆ ರೇಡಿಯೋ ವಾಪಸ್ ಬರ್ತಾಳೆ ಅಂತ...”

“ರೇಡಿಯೋ ಬರುತ್ತಾ?” ಆಫೀಸರು ಕಣ್ಣು ಕಣ್ಣು ಬಿಟ್ಟರು.

“ನಮ್ಮ ಡ್ರೈವರ್ ಮಗಳು ಸಾರ್,” ಎಂದ ಅಪ್ಪ ಮೆಲ್ಲಗೆ.

ಆಫೀಸರು ಗುಬ್ಬಿಯನ್ನು ನೋಡಿದರು. ಫೋನನ್ನು ಜೇಬಿಗೆ ಹಾಕಿಕೊಂಡರು. “ಆ ಕಡೆ ಬೇಲಿ ನೋಡ್ಕೊಂಡು ಬರ್ತೀನಿ. ಆಮೇಲೆ ಫೋಟೋ. ಅಷ್ಟರಲ್ಲಿ ಇವೆಲ್ಲ ಕಿತ್ತಿರ್ಬೇಕು.”

ಅಪ್ಪ, ಮಗಳು ಕುಕ್ಕರಗಾಲಲ್ಲಿ ಕೂತು ಕೀಳತೊಡಗಿದರು. ಅಪ್ಪ ಬೈದೇ ಬೈಯುತ್ತಾನೆ ಎಂದು ಗುಬ್ಬಿ ಕಾಯುತ್ತಿದ್ದಳು. ಅಪ್ಪ ಬೈಯಲಿಲ್ಲ.

“ಬೆಳಿಗ್ಗೆ ಟ್ರ್ಯಾಕ್ಟರ್ ತೊಳೆದೆ,” ಎಂದ.

“ನಿನ್ನೆನೂ ತೊಳೆದ್ಯಲ್ಲಪ್ಪಾ?”

“ಹೂಂ. ಮತ್ತೇನು ಮಾಡ್ಲಿ? ಸೀಟ್ ಒರೆಸ್ತಾ, ನಿಮ್ಮ ಡ್ರೈವರ್ ಮಾಮ ಅಲ್ಲೇ ಕೂತಿದ್ದಾನೆ ಅನ್ನೋ ಹಾಗೆ ಒಬ್ಬನೇ ಮಾತಾಡ್ತಿದ್ದೆ. ಅಮ್ಮಂಗೆ ಹೇಳ್ಬೇಡ, ತಲೆ ಕೆಟ್ಟಿದೆ ಅಂತಾಳೆ.”

ಗುಬ್ಬಿಗೆ ನಗು ಬಂತು, ಆಮೇಲೆ ನಿಂತುಹೋಯಿತು. ಅಪ್ಪ ಬಗ್ಗಿದ ತಲೆಯನ್ನು ಎತ್ತಲೇ ಇಲ್ಲ. ಮನೆಯಲ್ಲಿ ಬೇಜಾರು ತನಗೊಬ್ಬಳಿಗೇ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಇನ್ನೊಂದೇ ಮೊಳಕೆ ಉಳಿದಿತ್ತು. ಅಪ್ಪ ಅದನ್ನು ಹಿಡಿದುಕೊಂಡು ಕೂತೇ ಇದ್ದ. ಎಲೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. ಕೀಳಲಿಲ್ಲ. ಅತ್ತ ಬೇಲಿಯ ಕಡೆಯಿಂದ ಆಫೀಸರು ತಿರುಗಿ ಬರುತ್ತಿದ್ದರು.

“ಬಿಡಪ್ಪಾ,” ಎಂದು ಗುಬ್ಬಿ ಅಪ್ಪನ ಕೈಯನ್ನು ಮೆಲ್ಲಗೆ ಸರಿಸಿದಳು. ಆಮೇಲೆ ತಾನೇ ಅದನ್ನು ಕಿತ್ತಳು.