ತುಕ್ಕು ತಿಂದ ಬಾಗಿಲು

ನಾನು ಸುತ್ತಿಗೆ ಎತ್ತಿದರೆ ಅರಸೀಕೆರೆ ರೈಲು ಹೆದರಿ ಹಳಿಯ ಮೇಲೇ ನಿಂತುಬಿಡುತ್ತದೆ. ಅಂಥ ನಾನೂ ನನ್ನ ಜೊತೆ ಟಿಂಕರಿಂಗ್ ಮಾಡುವ ಇನಾಯತನೂ ಬಿಳಿಗೆರೆಗೆ ಹೋಗಿದ್ದು ಹಳೇ ಸ್ಪೋರ್ಟ್ಸ್ ಕಾರೊಂದರ ತುಕ್ಕು ತೆಗೆಯಲು. ಕೊಬ್ಬರಿ ಅಟ್ಟದ ಕೆಳಗೆ ಅದು ವರ್ಷಗಟ್ಟಲೆ ನಿಂತಿತ್ತು. ಮಟಮಟ ಮಧ್ಯಾಹ್ನದಲ್ಲೂ ತಗಡು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಕಾರಿನ ಬಾಗಿಲು ಅಲುಗಿಸಿದರೆ, ಚಿಪ್ಪಿನೊಳಗೆ ಒಣಗಿದ ಕೊಬ್ಬರಿ ಆಡುವಂತೆ ಲೊಟಲೊಟ ಸದ್ದು.

“ಅಟ್ಟದಿಂದ ಕಾಯಿ ಬಿದ್ದು ಒಳಗೇ ಕೊಬ್ಬರಿ ಆಗ್ಯದೆ ಕಣ್ಲಾ,” ಎಂದು ಇನಾಯತ ಬಾಗಿಲಿನ ತುಕ್ಕು ಹಿಡಿದ ತೂತಿಗೆ ಕೈ ಹಾಕಿದ.

ಒಳಗಿದ್ದದ್ದು ಆ ಕೈಯನ್ನು ಹಿಡಿದುಕೊಂಡಿತು. ಎಳೆದೆಳೆದು ಅವನ ಮುಖವನ್ನು ತಗಡಿಗೆ ಅಪ್ಪಳಿಸಿತು. ತೋಳಿನ ಮೂಳೆ ಮುರಿದ ಸದ್ದೂ ಲೊಟಕ್ಕೆಂದೇ ಕೇಳಿತು. ರಕ್ತ ಸುರಿಸಿಕೊಂಡು ಅವನು ಎಚ್ಚರ ತಪ್ಪಿದ. ಆಗ ನಾನು ಸುತ್ತಿಗೆ ಬೀಸಿ, ಒಂದೇ ಏಟಿಗೆ ಬಾಗಿಲು ಸೀಳಿ ಅವನನ್ನು ಬಿಡಿಸಿದೆ.

ಹೀಗೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಕೈಗೆ ಪಟ್ಟಿ ಕಟ್ಟಿಕೊಂಡ ಇನಾಯತ ಒಂದು ದಿನ ಆ ಬಾಗಿಲನ್ನು ಸವರಿ ನೋಡಿದ.

“ಲೇ ಪುಟ್ಟಲಿಂಗ, ಹೊರಗಿಂದ ಹೊಡುದ್ರೆ ತಗಡು ಒಳಕ್ಕೆ ಮಡಚ್ಕೋಬೇಕು. ಇದ್ಯಾಕ್ಲಾ ಹೊರಕ್ಕೆ ಸೀಳ್ಕೊಂಡದೆ?”

ಸಿಕ್ಕಿಬಿದ್ದೆ.

“ನಾನು ಸುತ್ತಿಗೆ ಮುಟ್ಲೇ ಇಲ್ಲ ಕಣ್ಲಾ,” ಎಂದೆ. “ಮೂಲೇಲಿ ಕುಂತು ನಡುಗ್ತಿದ್ದೆ. ನಿನ್ನ ಬುಟ್ಟು, ಬಾಗ್ಲು ಹರ್ಕೊಂಡು ಅದೇ ಹೊರಕ್ಕೆ ಬಂತು.”